ಕೆನ್ನೆ ಹೇಳದ ಕಾವು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಮೋಡ ಕವಿದು ಆಸೆ ತೋರಿಸಿ, ಒಂದು ಹನಿಯನ್ನೂ ಬೀಳಿಸದೆ ಚದುರಿತು. ಹತ್ತರ ಹೊತ್ತಿಗೆ ಬಿಸಿಲು, ಮಧ್ಯಾಹ್ನ ಒಣಗಾಳಿ. ಇಸ್ತ್ರಿ ಅಂಗಡಿಯಲ್ಲಿ ಅಣ್ಣನ ಮೇಜು ಬಾಗಿಲ ಬಳಿ, ತಂಗಿಯದು ಒಳಗಿನ ನೆರಳಿನಲ್ಲಿ. ತಂಗಿಗೆ ಲೂಪಸ್ ಇದೆ, ಬಿಸಿಲು ಆಗದು ಎಂದು ವೈದ್ಯರು ಹೇಳಿದಂದೇ ಮೇಜುಗಳು ಅದಲುಬದಲಾಗಿದ್ದವು. ದೇಹವನ್ನು ಕಾಯಬೇಕಾದ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ ಅದು. "ಬೇಲಿನೇ ಎದ್ದು ಹೊಲ ಮೇಯ್ತಿದೆ, ನಾನೇನು ಮಾಡ್ಲಿ?" ಎಂದು ಆಕೆ ಗಿರಾಕಿಗಳಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ಬೀದಿಗೆಲ್ಲ ಅವಳು ಥರ್ಮಾಮೀಟರ್ ಅಕ್ಕ. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಗಿಡುವ ಮೊದಲು ಬಲಗೆನ್ನೆಯ ಹತ್ತಿರ ಎತ್ತಿ ಹಿಡಿದು ಕಾವು ನೋಡುವುದು ತಾಯಿಯಿಂದ ಬಂದ ರೂಢಿ. ಹತ್ತಿಗೆ ಎಷ್ಟು, ರೇಷ್ಮೆಗೆ ಎಷ್ಟು ಎಂಬುದನ್ನು ಆ ಕೆನ್ನೆ ತಕ್ಷಣ ಹೇಳುತ್ತಿತ್ತು. ಅಣ್ಣನಿಗೆ ಆ ವಿದ್ಯೆ ಒಲಿಯಲಿಲ್ಲ. ಆದ್ದರಿಂದ ರೇಷ್ಮೆಯೆಲ್ಲ ಅವಳ ಮೇಜಿಗೇ ಬರುತ್ತಿತ್ತು.

ಕೆಲವು ವಾರಗಳಿಂದ ಮುಖ ತೊಳೆಯುವಾಗ ಬಲಗೆನ್ನೆ ಇನ್ಯಾರದೋ ಎನ್ನಿಸುತ್ತಿತ್ತು. ನಿದ್ದೆ ಸಾಲದೆ ಹೀಗೆ ಎಂದುಕೊಂಡು ಸುಮ್ಮನಾಗಿದ್ದಳು. ವರ್ಷಗಟ್ಟಲೆ ಮರಳು ಹೊಕ್ಕಂತೆ ಚುಚ್ಚುತ್ತಿದ್ದ ಬಲಗಣ್ಣು ಚುಚ್ಚುವುದನ್ನು ನಿಲ್ಲಿಸಿತ್ತು. ವಾಸಿಯಾಯಿತೆಂದು ಖುಷಿಪಟ್ಟು ಕಣ್ಣಿಗೆ ಹನಿ ಹಾಕುವುದನ್ನೂ ಬಿಟ್ಟಿದ್ದಳು.

ಆ ಮಂಗಳವಾರ ಮೇಜಿನ ಮೇಲೆ ಒಬ್ಬ ವಕೀಲರ ರೇಷ್ಮೆ ಅಂಗಿ ಹರಡಿತ್ತು. ಪೆಟ್ಟಿಗೆ ಎತ್ತಿದಳು, ಕೆನ್ನೆಗೆ ಕಾವು ತಟ್ಟಲಿಲ್ಲ. ಕೆಂಡ ಆರಿತೆಂದು ಬೀಸಣಿಗೆಯಿಂದ ಬೀಸಿದಳು. ಬೂದಿ ಮುಖಕ್ಕೆ ಹಾರಿತು. ಮತ್ತೆ ಎತ್ತಿ ಇನ್ನೂ ಹತ್ತಿರ ತಂದಳು. ಸುಟ್ಟ ವಾಸನೆ ಬಂದಾಗ ಗಾಬರಿಯಿಂದ ಅಂಗಿಯನ್ನು ನೋಡಿದಳು. ಅಂಗಿಗೆ ಏನೂ ಆಗಿರಲಿಲ್ಲ.

"ಅಯ್ಯೋ, ಕೆನ್ನೆ ಸುಟ್ಕೊಂಡ್ಯಲ್ಲೇ!" ಎಂದು ಅಣ್ಣ ಓಡಿಬಂದ.

"ಎಲ್ಲಿ?" ಎಂದಳು ಅವಳು.

ಮರುದಿನ ಕಣ್ಣಿನ ವೈದ್ಯೆ ಹತ್ತಿಯ ಎಳೆಯೊಂದನ್ನು ಎಡಗಣ್ಣಿನ ಪಾಪೆಯ ಬಳಿಗೆ ತಂದಾಗ ರೆಪ್ಪೆ ಪಟ್ಟನೆ ಮುಚ್ಚಿತು. ಬಲಗಣ್ಣಿಗೆ ಎಳೆ ತಾಗಿಯೇ ಹೋಯಿತು, ರೆಪ್ಪೆ ಅಲುಗಲಿಲ್ಲ. ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಪಾಪೆಯ ಮೇಲೆಲ್ಲ ಗೀರು. ಕೆಳರೆಪ್ಪೆಯೊಳಗೆ ಬೂದಿಯ ಕಣ ಹಾಯಾಗಿ ಕೂತಿತ್ತು.

"ನೋವಿಲ್ಲ ಅಂದ್ರೆ ವಾಸಿ ಆಗಿದೆ ಅಂತಲ್ಲಮ್ಮ," ಎಂದರು ವೈದ್ಯೆ. "ಕೆನ್ನೆಗೂ ಕಣ್ಣಿಗೂ ಸ್ಪರ್ಶ ತಿಳಿಸೋ ನರಗಳು ಒಂದೇ ಬುಡದ ಕವಲು. ಲೂಪಸ್ ಅಪರೂಪಕ್ಕೆ ಅದಕ್ಕೂ ಕೈ ಹಾಕುತ್ತೆ. ಕಣ್ಣೀರು ಮೊದಲೇ ಕಮ್ಮಿ. ಈಗ ದೂರು ಹೇಳೋರೂ ಇಲ್ಲ. ಹೀಗೇ ಬಿಟ್ರೆ ಹುಣ್ಣಾಗುತ್ತೆ, ದೃಷ್ಟಿಗೇ ಸಂಚಕಾರ. ನಿಮ್ಮ ಲೂಪಸ್ ಡಾಕ್ಟರಿಗೆ ನಾನೇ ಬರೀತೀನಿ, ಮಾತ್ರೆ ಬದಲಾಯಿಸಬೇಕಾಗಬಹುದು."

"ಮತ್ತೆ ಗೊತ್ತಾಗೋ ಹಾಗೆ ಆಗುತ್ತಾ?"

"ಆಗಬಹುದು, ಆಗದೇನೂ ಇರಬಹುದು. ಮಾತು ಕೊಡಲ್ಲ."

"ಕೆಲಸ?"

"ಇಸ್ತ್ರಿ ಮಾಡಿ. ಕೆಂಡ ಬೇಡ, ಬೂದಿ ಬೇಡ."

ಅಂಗಡಿಗೆ ಬಂದರೆ ಅಣ್ಣ ಅವಳ ಮೇಜನ್ನು ಆಗಲೇ ಗೋಡೆಗೆ ಒರಗಿಸಿದ್ದ. "ಗಲ್ಲಾದಲ್ಲಿ ಕೂತು ಚೀಟಿ ಬರಿ. ನೆರಳಿದೆ, ಫ್ಯಾನಿದೆ, ರಾಣಿ ಹಾಗೆ ಇರ್ತೀಯ."

"ರಾಣಿ ಅಲ್ಲ, ಮೂಲೆಗುಂಪು. ಕರೆಂಟಿನ ಪೆಟ್ಟಿಗೆ ತರ್ತೀನಿ."

"ಅಮ್ಮನ ಪೆಟ್ಟಿಗೆ ಬಿಟ್ಟು ಕರೆಂಟಿನದಾ? ರೇಷ್ಮೆ ಗಿರಾಕಿ ಒಬ್ರೂ ಉಳಿಯಲ್ಲ. ಅಲ್ಲ ಕಣೇ, ಕಾವು ನೋಡೋ ಕೆನ್ನೆನೇ ಹೋಯ್ತಲ್ಲ, ಇನ್ನೇನಿಟ್ಕೊಂಡು ನೋಡ್ತೀಯ?"

ಊಟದ ಡಬ್ಬಿ ತಂದಿದ್ದ ಅತ್ತಿಗೆ ಸಮಾಧಾನಕ್ಕೆಂದು, "ಎಡಗೆನ್ನೆ ಇದೆಯಲ್ಲ," ಎಂದಳು.

"ಅದನ್ನೂ ಸುಟ್ಕೊಂಡು ಎರಡೂ ಕಡೆ ಸಮ ಮಾಡ್ಕೊಳ್ಳಲಾ ಅತ್ತಿಗೆ?" ಎಂದು ಅವಳು ಅಣ್ಣನ ಕಡೆ ತಿರುಗಿದಳು. "ಕೆನ್ನೆ ಹೋದ್ರೆ ಹೋಗ್ಲಿ. ಕೈ ಇದೆ, ಕಿವಿ ಇದೆ. ಈ ಮೇಜು ನಂದು. ನಿನ್ನ ಕೆಂಡಾನ ಇವತ್ತಿಂದ ಹೊರಗೆ ಬೀಸ್ಕೋ."

ಮೇಜನ್ನು ತಾನೇ ಎಳೆದು ಮೊದಲಿನ ಜಾಗದಲ್ಲಿ ನಿಲ್ಲಿಸಿದಳು. ಅಣ್ಣ ಸಹಾಯಕ್ಕೆ ಬರಲಿಲ್ಲ, ಅಡ್ಡವೂ ಬರಲಿಲ್ಲ.

ಪಕ್ಕಗಳೂ ಮುಚ್ಚುವ ಕನ್ನಡಕ ಹಾಕಿಕೊಂಡು ಕೂತವಳನ್ನು ನೋಡಿ ಎದುರಂಗಡಿಯ ದರ್ಜಿ, "ಅಕ್ಕ, ಬೈಕು ಎಲ್ಲಿ ನಿಲ್ಸಿದ್ದೀರಿ?" ಎಂದು ಕೂಗಿದ. "ನಿನ್ನ ಬಾಯಿಗೆ ಇಸ್ತ್ರಿ ಹಾಕೋಕೆ ಬರ್ತೀನಿ, ತಡಿ," ಎಂದಳು. ಹೊಸ ಪೆಟ್ಟಿಗೆಯ ತಳಕ್ಕೆ ಬೆರಳ ತುದಿಯಿಂದ ನೀರಿನ ಹನಿ ಚಿಮುಕಿಸಿ ಸದ್ದು ಕೇಳುವ ಅಭ್ಯಾಸ ನಡೆಯಿತು. ಹನಿ ಸಿಡಿದು ಹಾರಿದರೆ ಹತ್ತಿಗೆ. ನಿಧಾನಕ್ಕೆ ಗುಳ್ಳೆಯೆದ್ದು ಆರಿದರೆ ರೇಷ್ಮೆಗೆ. ಮೊದಲ ದಿನ ತನ್ನದೇ ಹಳೆಯ ರೇಷ್ಮೆ ತುಂಡುಗಳನ್ನು ಕಂದಾಗಿಸಿಕೊಂಡಳು. ಅಣ್ಣ ನೋಡಿಯೂ ನೋಡದಂತಿದ್ದ. ಎದುರಿಗೊಂದು ಕನ್ನಡಿ ತೂಗುಹಾಕಿದಳು. ಕಣ್ಣು ಹೇಳದ ಕೆಂಪನ್ನು ಅದು ತೋರಿಸಬೇಕಿತ್ತು. ಒಂದೊಂದು ಬಟ್ಟೆ ಮುಗಿದಾಗಲೂ, ತಾನಾಗಿ ಬಡಿಯದ ಬಲರೆಪ್ಪೆಯನ್ನು ನೆನಪಿಟ್ಟು ಬಡಿದಳು.

ಶನಿವಾರ ಸಂಗೀತದ ಟೀಚರ್ ಕೆನೆಬಣ್ಣದ ರೇಷ್ಮೆ ಶಾಲು ತಂದರು. ಅಣ್ಣ ಕೈಚಾಚಿ, "ನನಗೆ ಕೊಡಿ ಮೇಡಂ," ಎಂದ. ಟೀಚರ್ ಅವಳ ಕೆನ್ನೆಯ ಕಲೆಯನ್ನು ನೋಡಿ ಅನುಮಾನಿಸಿದರು.

"ಇಲ್ಲಿಡಿ ಮೇಡಂ. ಸುಟ್ಟದ್ದು ನನ್ನ ಮುಖ, ಗಿರಾಕಿ ಬಟ್ಟೆ ಅಲ್ಲ."

ಟೀಚರ್ ಶಾಲನ್ನು ಅವಳ ಮೇಜಿನ ಮೇಲಿಟ್ಟರು. ಹನಿ ಗುಳ್ಳೆಯೆದ್ದು ಆರಿತು, ಕಿವಿಗೊಟ್ಟು ಕೇಳಿದಳು. ಪೆಟ್ಟಿಗೆ ಇಳಿಸಿದಳು. ಮುಗಿದ ಮೇಲೆ ಅಣ್ಣ ಶಾಲನ್ನು ಬಾಗಿಲ ಬೆಳಕಿಗೆ ಹಿಡಿದು ಎರಡೂ ಮಗ್ಗುಲು ಹುಡುಕಿದ. ಏನೂ ಸಿಗಲಿಲ್ಲ. ತಾನೇ ಕಾಗದ ಸುತ್ತಿ ಕೊಟ್ಟ.

ಆ ವಾರ ಅವಳಿಗಾದ ಖರ್ಚು: ಕರೆಂಟಿನ ಪೆಟ್ಟಿಗೆಗೆ ಎರಡು ಸಾವಿರದ ನಾನೂರು, ಕನ್ನಡಕಕ್ಕೆ ಆರುನೂರ ಐವತ್ತು, ಕಣ್ಣಿನ ಹನಿ ಮತ್ತು ಮುಲಾಮಿಗೆ ಐನೂರ ಎಂಬತ್ತು, ವೈದ್ಯೆಯ ಫೀಸು ಐನೂರು, ಕನ್ನಡಿಗೆ ತೊಂಬತ್ತು, ಪ್ಲಗ್ಗು ಹಾಕಿದವನಿಗೆ ಮುನ್ನೂರು. ಒಟ್ಟು ನಾಲ್ಕು ಸಾವಿರದ ಐನೂರ ಇಪ್ಪತ್ತು. ಎಲ್ಲವೂ ಅವಳ ಸ್ವಂತ ದುಡಿಮೆಯದು.