ಒಂದೇ ಬಕೆಟ್ಟಿನಲ್ಲಿ ನೆನೆದ ಹಗ್ಗಗಳು

ನಮ್ಮ ಮನೆಯವರು ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದರು. ಮದುವೆಯಾಗಿ ಬಂದಾಗ ನನಗೆ ಇದು ಗೊತ್ತಿರಲಿಲ್ಲ. ಹುಡುಗ ಪೇಂಟರ್ ಎಂದಷ್ಟೇ ಹೇಳಿದ್ದರು. ಬಾಗಿಲು, ಕಿಟಕಿ, ಹೆಚ್ಚೆಂದರೆ ಅಂಗಡಿಯ ಬೋರ್ಡು ಎಂದುಕೊಂಡಿದ್ದೆ. ಒಂದು ವಾರವಾದ ಮೇಲೆ ಊಟದ ಡಬ್ಬಿ ಕೊಡಲು ಹೋದೆ. ಎಲ್ಲಿದ್ದಾರೆ ಎಂದು ಕೇಳಿದ್ದಕ್ಕೆ ಕಾವಲುಗಾರ ಬೆರಳನ್ನು ಮೇಲಕ್ಕೆ ತೋರಿಸಿದ. ಎರಡು ಹಗ್ಗ, ಒಂದು ಹಲಗೆ, ಅದರ ಮೇಲೆ ಬೆಳ್ಳುಳ್ಳಿ ಎಸಳಿನಷ್ಟು ಮನುಷ್ಯ. ಡಬ್ಬಿಯನ್ನು ಕಾವಲುಗಾರನ ಕೈಯಲ್ಲಿಟ್ಟು ಮನೆಗೆ ಓಡಿಬಂದು ವಾಂತಿ ಮಾಡಿಕೊಂಡೆ. ಆಮೇಲೆ ಎಷ್ಟೋ ವರ್ಷ ಅವರ ಕೆಲಸದ ಜಾಗಕ್ಕೆ ಕಾಲಿಡಲಿಲ್ಲ.

ಸಂಜೆ ಸೈಕಲ್ಲಿನ ಬೆಲ್ಲು ಕೇಳುವವರೆಗೆ ಒಲೆಗೂ ಬಾಗಿಲಿಗೂ ಓಡಾಡುತ್ತಲೇ ಇರುತ್ತಿದ್ದೆ. ಯಾರಾದರೂ ಬೀದಿಯಲ್ಲಿ ಜೋರಾಗಿ ಕೂಗಿದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಅವರಿಗೆ ಮಾತ್ರ ಎತ್ತರವೆಂದರೆ ಮನೆಯ ಜಗುಲಿ. ಆದರೆ ಮನೆಯೊಳಗೆ ಒಂದು ಜಿರಳೆ ಬಂದರೆ ಮಂಚ ಹತ್ತಿ ನಿಲ್ಲುತ್ತಿದ್ದರು. "ನಾಲ್ಕು ಮಹಡಿ ಮೇಲೆ ನೇತಾಡ್ತೀರ, ಇದಕ್ಕೆ ಹೆದರ್ತೀರಲ್ಲ" ಎಂದರೆ, "ಅಲ್ಲಿ ಜಿರಳೆ ಇರಲ್ವಲ್ಲೇ" ಅನ್ನುತ್ತಿದ್ದರು.

ಅವರ ಕೆಲಸದಲ್ಲಿ ಒಂದು ಕಟ್ಟಳೆಯಿತ್ತು. ಹಲಗೆಯ ಮೇಲಿರುವವನನ್ನು ಕೆಳಗಿನಿಂದ ಯಾರೂ ಕೂಗಬಾರದು. ಮನೆಗೆ ಬೆಂಕಿ ಬಿದ್ದರೂ ಕೂಗಬಾರದು. ಕೂಗಿದರೆ ಅವನು ತಿರುಗಿ ಬಗ್ಗಿ ನೋಡುತ್ತಾನೆ, ಭಾರ ಒಂದು ಕಡೆಗೆ ವಾಲುತ್ತದೆ. ಇನ್ನೊಂದು ಅಭ್ಯಾಸ ನಮ್ಮ ಮನೆಯದು. ದಿನಾ ಸಂಜೆ ಕೈಕಾಲು ತೊಳೆದ ಮೇಲೆ ಹಗ್ಗ ನೋಡುವುದು. ಅವರು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ, ಬೆರಳುಗಳ ನಡುವೆ ಹಗ್ಗವನ್ನು ಜಾರಿಸುತ್ತ ಬರುತ್ತಿದ್ದೆವು. ಎಳೆ ಬಿಟ್ಟಿದೆಯೇ, ಒರಟಾಗಿದೆಯೇ, ಒಳಗೆ ಟೊಳ್ಳಾಗಿದೆಯೇ ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ನಡುವೆ ಇಬ್ಬರ ಕೈ ಸೇರಿದಾಗ ಅವರು ನನ್ನ ಕಿರುಬೆರಳನ್ನು ಚಿವುಟಿ, "ಪಾಸು" ಅನ್ನುತ್ತಿದ್ದರು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪುಸ್ತಕಕ್ಕಿಂತ ಹಗ್ಗವನ್ನೇ ಚೆನ್ನಾಗಿ ಓದುತ್ತಿದ್ದೆ.

ಆ ಹಗ್ಗಗಳು ಹಲಗೆಯನ್ನು ತೂಗುಹಾಕುವ ಎರಡು ದಪ್ಪ ಸೆಣಬಿನ ಹಗ್ಗಗಳು. ಸೊಂಟಕ್ಕೆ ಆಗ ಯಾರೂ ಏನೂ ಕಟ್ಟುತ್ತಿರಲಿಲ್ಲ. ಒಂದು ವರ್ಷ ನಮ್ಮ ಹಿಂದಿನ ಬೀದಿಯ ಪೇಂಟರ್ ಒಬ್ಬರು ಹಲಗೆಯಿಂದ ಜಾರಿ ಬಿದ್ದರು. ಅವರ ಹೆಂಡತಿಯ ಪಕ್ಕದಲ್ಲಿ ಒಂದಿಡೀ ಹಗಲು ಕೂತಿದ್ದು ಬಂದೆ. ಅವತ್ತು ಇವರಿಗೆ ಹೇಳಿದೆ: "ಸೊಂಟಕ್ಕೆ ಒಂದು ಹಗ್ಗ ಕಟ್ಕೊಳ್ಳಿ. ಇಲ್ಲಾಂದ್ರೆ ನಾನು ಈ ಮನೇಲಿ ಇರಲ್ಲ."

ಕಟ್ಟಿಕೊಳ್ಳಿ ಎಂದೆನೇ ಹೊರತು ಅಂಥದ್ದನ್ನು ತನ್ನಿ ಎಂದಿರಲಿಲ್ಲ. ನನ್ನ ಹೊಲಿಗೆ ಮಷೀನಿಗೆಂದು ಎರಡು ವರ್ಷ ಕೂಡಿಟ್ಟಿದ್ದ ದುಡ್ಡನ್ನು ಒಯ್ದು ಒಂದು ಹಗ್ಗ ತಂದರು. ಬಿಳಿ ಬಣ್ಣ, ನಡುವೆ ಒಂದು ನೀಲಿ ಎಳೆ, ಹಾವಿನ ಮೈಯಂತೆ ನುಣುಪು, ಹೆಬ್ಬೆರಳಿಗಿಂತಲೂ ಸಣ್ಣ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ.

"ಇದಕ್ಕೆ ಅಷ್ಟು ಕೊಟ್ರಾ?"

"ಹಡಗಿಗೆ ಕಟ್ಟೋದಂತೆ ಕಣೇ. ನೀರು ತಿನ್ನಲ್ಲ, ಬಿಸಿಲು ತಿನ್ನಲ್ಲ, ಸೋಡಾ ಗೀಡಾ ಏನೂ ತಿನ್ನಲ್ಲ ಅಂದ ಅಂಗಡಿಯವನು."

"ಮಾರೋನು ಇನ್ನೇನು ತಿನ್ನತ್ತೆ ಅಂತಾನಾ? ಹಗ್ಗ ಅಂದ್ರೆ ಹಗ್ಗ. ನಿಮ್ಮನ್ನ ನೋಡಿ ಚೆನ್ನಾಗಿ ಟೋಪಿ ಹಾಕಿದಾನೆ."

ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಜಿರಳೆ ಬಂತು, ಮಾತಾಡಲೇಬೇಕಾಯಿತು.

ಹೊಸ ಹಗ್ಗ ಬಂದು ಒಂದು ವರ್ಷವಾಗಿರಬೇಕು, ಇವರ ಅಕ್ಕ ನಮ್ಮ ಮನೆಗೆ ಇರಲು ಬಂದರು. ನಮ್ಮದು ಒಂದೇ ಕೋಣೆ, ಅದಕ್ಕೊಂದು ಅಡುಗೆ ಮೂಲೆ. ಮೂರೂ ಹಗ್ಗ ಮಂಚದ ಮೇಲಿನ ಗೂಟಕ್ಕೆ ತೂಗುತ್ತಿದ್ದವು. ಎಣ್ಣೆ ಬಣ್ಣ, ಬೆವರು, ಪಾರಿವಾಳದ ಹಿಕ್ಕೆ ಎಲ್ಲ ಸೇರಿದ ವಾಸನೆ ಅವಕ್ಕೆ. ನನ್ನ ಮೂಗಿಗೆ ಅದು ಗಂಡನ ವಾಸನೆಯೇ ಆಗಿಹೋಗಿತ್ತು. ಅಕ್ಕ ಸೆರಗನ್ನು ಮೂಗಿಗೆ ಹಿಡಿದು ಕೇಳಿದರು: "ಏನೇ, ಮನೆಯೊಳಗೆ ಎಮ್ಮೆ ಕಟ್ತೀರಾ? ಎಮ್ಮೆ ಎಲ್ಲಿ, ಮಂಚದ ಕೆಳಗಿದ್ಯಾ?"

ನನಗೆ ಮೈಯೆಲ್ಲ ಉರಿಯಿತು. ಆಗ ಇವರಿಗೆ ಜ್ವರ. ಮರುದಿನ ಬೆಳಿಗ್ಗೆ ಅಕ್ಕ ಔಷಧಿ ಕೊಡಿಸಲು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಒಂದು ಶಾಲೆಯಲ್ಲಿ ನೆಲ, ಕಕ್ಕಸು ತೊಳೆಯುತ್ತಿದ್ದೆ. ಅಲ್ಲಿಂದ ಬಿಳಿ ಬ್ಲೀಚಿಂಗ್ ಪುಡಿಯನ್ನು ಒಂದು ಪೊಟ್ಟಣ ಮನೆಗೆ ತಂದಿಟ್ಟುಕೊಂಡಿದ್ದೆ. ಆ ಪುಡಿ ಹಾಕಿದರೆ ಎಂಥ ಕಲೆಯೂ ಹೋಗುತ್ತಿತ್ತು. ದೊಡ್ಡ ಬಕೆಟ್ಟಿಗೆ ಪೊಟ್ಟಣವನ್ನು ಪೂರ್ತಿ ಸುರಿದು, ಮೂರೂ ಹಗ್ಗವನ್ನು ಅದರಲ್ಲಿ ಮುಳುಗಿಸಿ, ಮೇಲೊಂದು ಕಲ್ಲಿಟ್ಟು ಕೆಲಸಕ್ಕೆ ಹೋದೆ. ಸಂಜೆಯವರೆಗೂ ನೆನೆದವು. ಒಗೆದು ತೆಗೆದರೆ ಹಾಲಿನ ಕೆನೆಯಂಥ ಬಿಳುಪು. ಸೆಣಬಿನ ಹಗ್ಗವೊಂದರ ತುದಿ ಬಿಚ್ಚಿಕೊಂಡಿತ್ತು. ಅಷ್ಟನ್ನು, ಸುಮಾರು ಎರಡು ಮಾರು, ಕತ್ತರಿಸಿ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿದೆ.

ಜ್ವರ ಬಿಟ್ಟು ಎದ್ದ ಮೇಲೆ ಹಗ್ಗ ನೋಡಿ ಇವರು ನಕ್ಕರು. "ಏನೇ ಇದು, ಹಗ್ಗಕ್ಕೆ ಮದುವೇನಾ? ಯಾತರಲ್ಲಿ ಒಗೆದೆ?"

"ಸೋಪಲ್ಲಿ" ಅಂದೆ.

ಶಾಲೆಯಿಂದ ಒಂದು ಸೀಮೆಸುಣ್ಣದ ಚೂರು ತಂದರೂ ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ಸುಳ್ಳು ಬಾಯಿಗೆ ಬಂತು. ಸಂಜೆ ಇಬ್ಬರೂ ಕೂತು ಹಗ್ಗ ನೋಡಿದೆವು. ಒಂದು ಎಳೆಯೂ ಬಿಟ್ಟಿರಲಿಲ್ಲ, ಎಲ್ಲೂ ಒರಟಿರಲಿಲ್ಲ, ಹೊಸದಕ್ಕಿಂತ ಮೆತ್ತಗಿತ್ತು. ಕೈ ಸೇರಿದಾಗ ಕಿರುಬೆರಳು ಚಿವುಟಿ "ಪಾಸು" ಅಂದರು.

ಮರುದಿನ ಬೆಳಿಗ್ಗೆ ಅವರು ಕೆಲಸಕ್ಕೆ ಹೊರಟ ಮೇಲೆ ನಾನು ಒದ್ದೆ ಹೊದಿಕೆಯನ್ನು ಹಿತ್ತಲ ಹಗ್ಗದ ಮೇಲೆ ಹಾಕಿದೆ. ಹಗ್ಗ ಹರಿಯಿತು. ಸದ್ದೂ ಇಲ್ಲ, ಜಗ್ಗಾಟವೂ ಇಲ್ಲ. ಹೊದಿಕೆ ಮಣ್ಣಿಗೆ ಬಿತ್ತು. ತುಂಡನ್ನು ಕೈಗೆತ್ತಿಕೊಂಡು ತುದಿಯನ್ನು ಹಿಸುಕಿದೆ. ಒಣಗಿದ ಹುಲ್ಲಿನಂತೆ ಪುಡಿಯಾಗಿ ಬೆರಳ ಸಂದಿಯಿಂದ ಉದುರಿತು. ಎರಡು ಕೈಯಲ್ಲಿ ಹಿಡಿದು ಎಳೆದೆ. ನನ್ನಂಥ ನರಪೇತಲ ಹೆಂಗಸು ಎಳೆದರೆ ಎರಡು ತುಂಡಾಯಿತು.

ಅಲ್ಲಿಂದ ಅವರು ಅವತ್ತು ಬಣ್ಣ ಬಳಿಯುತ್ತಿದ್ದ ಕಟ್ಟಡದವರೆಗೆ ಹೇಗೆ ಓಡಿದೆನೋ ತಿಳಿಯದು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಓಡುತ್ತ ಲೆಕ್ಕ ಹಾಕುತ್ತಿದ್ದೆ: ಹಲಗೆಯ ಎರಡು ಹಗ್ಗ ಹೋದವು, ಸರಿ. ಸೊಂಟದ್ದು? ಅದೂ ಅದೇ ಬಕೆಟ್ಟಿನಲ್ಲೇ ಇತ್ತಲ್ಲ. ಅದೂ ಹೀಗೇ ಮೆತ್ತಗಿತ್ತಲ್ಲ.

ಅದು ನಾಲ್ಕು ಮಹಡಿಯ ಆಫೀಸು. ತಲೆಯೆತ್ತಿ ನೋಡಿದೆ. ಅವರಾಗಲೇ ನಾಲ್ಕನೆಯ ಮಹಡಿಯ ಕಿಟಕಿಯ ಪಕ್ಕ ಕೂತು ಬಳಿಯುತ್ತಿದ್ದರು. ಕೂಗು ಗಂಟಲವರೆಗೂ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಕೂಗಬಾರದು. ಕೂಗಿದರೆ ತಿರುಗುತ್ತಾರೆ.

ಮೆಟ್ಟಿಲು ಹತ್ತಿದೆ. ಮೇಲಿನ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದ ಹೆಂಗಸು ನನ್ನನ್ನು ನೋಡಿ ಎದ್ದು ನಿಂತಳು. ನಾನು ನೇರ ಕಿಟಕಿಗೆ ಹೋದೆ. ಕಿಟಕಿಗೆ ಕಬ್ಬಿಣದ ಸರಳು. ಆಚೆಗೆ ಒಂದು ಮೊಳದ ದೂರದಲ್ಲಿ ನನ್ನ ಗಂಡ, ಕಿವಿಯ ಮೇಲೆ ಹಸಿರು ಬಣ್ಣ.

"ರೀ" ಅಂದೆ, ಮಗುವಿಗೆ ಜೋಗುಳ ಹಾಡುವಷ್ಟು ಮೆಲ್ಲಗೆ.

"ಅರೆ! ನೀನಾ? ಇವತ್ತೇನು, ಡಬ್ಬಿ ಮೇಲೇ ತಂದುಬಿಟ್ಯಾ?"

"ರೀ, ಅಲ್ಲಾಡಬೇಡಿ. ಹಗ್ಗ ಸೋಪಲ್ಲಿ ಒಗೆದಿದ್ದಲ್ಲ. ಬ್ಲೀಚಿಂಗ್ ಪುಡೀಲಿ. ಕತ್ತರಿಸಿದ ತುಂಡು ಒಂದು ಹೊದಿಕೆ ಭಾರಕ್ಕೆ ಹರಿದುಹೋಯ್ತು. ಕೈಯಲ್ಲಿ ಪುಡಿಯಾಯ್ತು."

ಅವರ ಕುಂಚ ಗೋಡೆಯ ಮೇಲೆ ನಿಂತಿತು. "ಮೂರೂನಾ?"

"ಮೂರೂ. ಒಂದೇ ಬಕೆಟ್ಟಲ್ಲಿ."

ಅವರು ಕತ್ತು ತಿರುಗಿಸದೆ ಕಣ್ಣುಗಳನ್ನು ಮಾತ್ರ ಮೇಲಕ್ಕೆತ್ತಿ ಒಂದೊಂದೇ ಹಗ್ಗ ನೋಡಿದರು. ಜಿರಳೆಯದಲ್ಲದ ಹೆದರಿಕೆಯನ್ನು ನನ್ನ ಗಂಡನ ಮುಖದಲ್ಲಿ ನೋಡಿದ್ದು ಆಗಲೇ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತು.

"ಸರಿ. ಅಳಬೇಡ. ನೀನು ಅಳೋವಾಗ ಮೂಗು ಕೆಂಪಾಗತ್ತೆ, ನನಗೆ ನಗು ಬರತ್ತೆ, ನಕ್ರೆ ಹಲಗೆ ಅಲ್ಲಾಡತ್ತೆ" ಎಂದು ಎಡಗೈಯಿಂದ ಮೆಲ್ಲಗೆ ಸರಳು ಹಿಡಿದರು. ನಾನು ಎರಡೂ ಕೈಯಲ್ಲಿ ಅವರ ಮಣಿಕಟ್ಟು ಹಿಡಿದೆ. "ತಾಯೀ" ಎಂದು ಟೈಪಿನ ಹೆಂಗಸಿಗೆ ಹೇಳಿದರು, "ತಾರಸಿ ಮೇಲೆ ನಮ್ಮ ಆಕ್ಷಿ ಇದಾನೆ. ಹಲಗೆ ಹಗ್ಗ ಮುಟ್ಟಬೇಡ, ಸೊಂಟದ ಹಗ್ಗ ಗಟ್ಟಿಯಾಗಿ ಹಿಡ್ಕೋ ಅಂತ ಹೇಳಿ. ಕೂಗಬೇಡಿ, ಹತ್ತಿರ ಹೋಗಿ ಹೇಳಿ."

ಆಕ್ಷಿ ಎಂದರೆ ಅವರ ಜೊತೆಗಾರ; ಬಣ್ಣದ ವಾಸನೆಗೆ ದಿನವಿಡೀ ಸೀನುತ್ತಿದ್ದವನು, ಅದಕ್ಕೇ ಆ ಅಡ್ಡಹೆಸರು. ತಾರಸಿಯಿಂದ ಹಲಗೆಯನ್ನು ಇಳಿಸುವುದು, ಏರಿಸುವುದು ಅವನ ಕೆಲಸ. ಸೊಂಟದ ಹಗ್ಗದ ಇನ್ನೊಂದು ತುದಿ ಅಲ್ಲಿಯ ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟಿತ್ತು. ಹೆಂಗಸು ಓಡಿದಳು. ನಾನು, ಅವರು, ನಡುವೆ ಸರಳು. ಇಬ್ಬರೂ ಉಸಿರಾಡಲು ಹೆದರುತ್ತಿದ್ದೆವು.

"ಪುಡಿ ಶಾಲೇದಾ?" ಕೇಳಿದರು.

"ಹ್ಞೂಂ."

"ಮನೆಗೆ ಬರ್ತೀನಿ ಇರು. ನಿನಗಿದೆ."

ಆ ಮಾತು ಮುಗಿದಿತ್ತೋ ಇಲ್ಲವೋ, ಎಡಗಡೆಯ ಹಗ್ಗ ಹೋಯಿತು. ಹಳೆಯ ಬಟ್ಟೆ ಹರಿದಂಥ ಸದ್ದು, ಅಷ್ಟೇ. ಹಲಗೆ ಲಂಬವಾಗಿ ತೂಗಿತು. ಬಣ್ಣದ ಡಬ್ಬಿ ಬಿದ್ದದ್ದು ಕಾಣಿಸಿತು, ಸದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿದಂತಾಯಿತು. ಅವರ ಮಣಿಕಟ್ಟು ನನ್ನ ಹತ್ತೂ ಬೆರಳನ್ನು ಬಿಡಿಸಿಕೊಂಡು ಹೋಯಿತು. ಕೈಯಲ್ಲಿ ಉಳಿದದ್ದು ಹಸಿರು ಬಣ್ಣ ಮಾತ್ರ.

ಅವರು ಕಾಣಿಸಲಿಲ್ಲ. ಕಿಟಕಿಯಾಚೆಗೆ ಕಾಣುತ್ತಿದ್ದುದು ಒಂದೇ: ಹೆಬ್ಬೆರಳಿಗಿಂತ ಸಣ್ಣ ಬಿಳಿ ಹಗ್ಗ, ನಡುವೆ ನೀಲಿ ಎಳೆ, ಮೇಲಿಂದ ಕೆಳಕ್ಕೆ ಬಿಗಿದ ತಂತಿಯಂತೆ ನೆಟ್ಟಗೆ. ಅದು ನಡುಗುತ್ತಿತ್ತು. ಅದರ ಕೆಳತುದಿಯಲ್ಲಿ ಅವರಿದ್ದಾರೆ ಎಂಬುದು ಆ ನಡುಕದಿಂದಲೇ ನನಗೆ ತಿಳಿದದ್ದು. ಸರಳಿನ ನಡುವೆ ಕೈ ಚಾಚಿ ಹಗ್ಗವನ್ನು ಎರಡು ಬೆರಳಲ್ಲಿ ಮುಟ್ಟಿದೆ. ಹಿಡಿಯಲಿಲ್ಲ, ಹಿಡಿದರೆ ಹರಿದೀತೆಂಬ ಹೆದರಿಕೆ. ದಿನಾ ಸಂಜೆ ಮುಟ್ಟಿದಂತೆ ಮುಟ್ಟಿದೆ. ಪುಡಿ ಉದುರುತ್ತದೆಯೇ, ಎಳೆ ಬಿಡುತ್ತದೆಯೇ ಎಂದು ಬೆರಳಲ್ಲೇ ಕಾದೆ. ಅಷ್ಟು ಹೊತ್ತು ನಾನು ದೇವರನ್ನು ಕೂಡ ಕರೆಯಲಿಲ್ಲ. ಕರೆದರೆ ಅವನೂ ಬಗ್ಗಿ ನೋಡಿಯಾನು ಅನ್ನಿಸಿತು.

ಹಗ್ಗ ಕೆಳಕ್ಕೆ ಜಾರತೊಡಗಿತು. ಹರಿದೇ ಹೋಯಿತೆಂದುಕೊಂಡೆ. ಆಮೇಲೆ ನೋಡಿದರೆ, ಒಂದೊಂದೇ ಮೊಳ, ನಿಂತು ನಿಂತು ಜಾರುತ್ತಿದೆ. ಮೇಲಿನಿಂದ ಸೀನಿದ ಸದ್ದೂ ಕೇಳಿಸಿತು. ಕಂಬಕ್ಕೆ ಸುತ್ತುಹಾಕಿ ಆಕ್ಷಿ ಇಳಿಸುತ್ತಿದ್ದ. ಅವನ ಹಿಂದೆ ಆಫೀಸಿನ ಮೂವರು ಹಗ್ಗ ಹಿಡಿದಿದ್ದರಂತೆ. ನೀಲಿ ಎಳೆ ನನ್ನ ಬೆರಳ ನಡುವೆ ಜಾರಿಹೋಗುತ್ತಲೇ ಇತ್ತು. ಒಂದು ಕಡೆಯೂ ಒರಟಿರಲಿಲ್ಲ; ಪುಡಿ ಅದನ್ನು ತಿಂದಿರಲಿಲ್ಲ.

ನಾನು ಇಳಿದು ಬರುವಷ್ಟರಲ್ಲಿ ಅವರು ನೆಲದ ಮೇಲೆ ಕೂತಿದ್ದರು. ಸೊಂಟದ ಸುತ್ತ ಅಂಗಿ ಹರಿದು ರಕ್ತ ಜಿನುಗುತ್ತಿತ್ತು. ಮೊದಲು ಕೇಳಿದ್ದು, "ಡಬ್ಬಿ ಯಾರ ಮೇಲೂ ಬೀಳ್ಲಿಲ್ಲ ತಾನೆ?" ಎಂದು. ಆಮೇಲೆ ಸೊಂಟದ ಗಂಟು ಬಿಚ್ಚಲು ನೋಡಿದರು, ಭಾರಕ್ಕೆ ಬಿಗಿದುಕೊಂಡಿದ್ದರಿಂದ ಆಗಲಿಲ್ಲ. ನಾನು ಬಿಚ್ಚಿದೆ. ಆಕ್ಷಿ ಇಳಿದು ಬಂದು, "ಅತ್ತಿಗೆ, ಇನ್ನು ಮೇಲೆ ಅಣ್ಣನ ಒಂದು ಕರ್ಚೀಫೂ ಒಗೀಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದ. ಯಾರೂ ನಗಲಿಲ್ಲ. ಅವನೇ ಗೋಡೆಗೆ ಒರಗಿ ಅಳತೊಡಗಿದ.

ಮನೆಯಲ್ಲಿ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಪುಡಿ ತಂದಿದ್ದು ತಪ್ಪು. ಅದಕ್ಕಿಂತ, ಸೋಪು ಅಂದೆಯಲ್ಲ, ಅದು" ಎಂದಷ್ಟೇ ಹೇಳಿ ಮಗ್ಗುಲಾದರು. ಅಕ್ಕ ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡವರು ಎದ್ದು ಬಂದು, ಮೂಗು ಮುಚ್ಚಿಕೊಳ್ಳದೆ, ಆ ಬಿಳಿ ಹಗ್ಗವನ್ನು ಸುತ್ತಿ ಗೂಟಕ್ಕೆ ಹಾಕಿದರು. ಮರುದಿನ ನಾನು ಶಾಲೆಯ ಹೆಡ್‌ಮಾಸ್ಟರಿಗೆ ಪುಡಿಯ ವಿಷಯ ಹೇಳಿ ಕೈಮುಗಿದೆ. ಅವರು ಕೆಲಸದಿಂದ ತೆಗೆಯಲಿಲ್ಲ.

ಇವರು ಎರಡು ತಿಂಗಳು ಕೆಲಸಕ್ಕೆ ಹೋಗಲಿಲ್ಲ. ಮತ್ತೆ ಹೊರಡುವ ಮೊದಲು ನಾನೇ ಆ ಹಗ್ಗದಂಗಡಿಗೆ ಹೋದೆ. ತವರಿನವರು ಹಾಕಿದ್ದ ಬಳೆ ಮಾರಿಬಂದ ದುಡ್ಡು ಸೆರಗಿನ ಗಂಟಿನಲ್ಲಿತ್ತು. ನೀಲಿ ಎಳೆಯ ಹಗ್ಗ ತೋರಿಸಿ, ಹಲಗೆಗೆ ಎರಡು, ಸೊಂಟಕ್ಕೆ ಹೊಸದೊಂದು ಬೇಕೆಂದೆ.

ಅಂಗಡಿಯವನು ನನ್ನ ಸೀರೆ ನೋಡಿದ. "ಅಮ್ಮ, ಅದು ಬಹಳ ದುಬಾರಿ. ಹಲಗೆಗೆ ಸೆಣಬಿಂದೇ ಸಾಕು, ಎಲ್ಲರೂ ಅದನ್ನೇ ಒಯ್ತಾರೆ. ಕಾಲು ಭಾಗ ರೇಟು."

"ಅದರಲ್ಲಿ ನಿಮ್ಮ ಮಗನ್ನ ನಾಲ್ಕನೇ ಮಹಡಿಯಿಂದ ನೇತಾಕ್ತೀರಾ?"

ಅವನು ಅಳತೆ ಕೋಲು ತೆಗೆದುಕೊಂಡ. ಅಳೆಯುತ್ತ ಹೋದಂತೆ ನಾನು ಈ ತುದಿಯಿಂದ ಒಂದೊಂದು ಮೊಳವನ್ನೂ ಬೆರಳಲ್ಲಿ ಜಾರಿಸಿ ನೋಡಿದೆ. ಹೊಲಿಗೆ ಮಷೀನು ನಮ್ಮ ಮನೆಗೆ ಬರಲೇ ಇಲ್ಲ. ಹಗ್ಗಗಳು ಮಾತ್ರ ಐದು ವರ್ಷಕ್ಕೊಮ್ಮೆ ಹೊಸದಾಗಿ ಬಂದವು.

ಆಮೇಲೂ ಅವರು ಹತ್ತೊಂಬತ್ತು ವರ್ಷ ಹಲಗೆಯ ಮೇಲೆ ಕೂತರು. ನನ್ನ ಹೆದರಿಕೆ ಒಂದು ದಿನವೂ ಕಡಿಮೆಯಾಗಲಿಲ್ಲ; ಸೈಕಲ್ಲಿನ ಬೆಲ್ಲಿಗೆ ಮೊದಲಿನಂತೆಯೇ ಕಾಯುತ್ತಿದ್ದೆ. ಕೊನೆಗೆ ಅವರು ಹೋದದ್ದು ನಮ್ಮ ಮಂಚದ ಮೇಲೆ, ಒಂದು ಮಧ್ಯಾಹ್ನ, ಉಸಿರಿನ ಕಾಯಿಲೆಯಿಂದ, ಭೂಮಿಯಿಂದ ಒಂದೂವರೆ ಅಡಿ ಎತ್ತರದಲ್ಲಿ. ಆಗ ಅವರ ಕೈ ಹಿಡಿದುಕೊಂಡಿದ್ದೆ. ಅವರು ಕಣ್ಣು ಬಿಡದೆಯೇ ಹುಡುಕಿ ನನ್ನ ಕಿರುಬೆರಳನ್ನು ಚಿವುಟಿದರು.