ಮೆಣಸಿನ ಗಿಡಕ್ಕೂ ಒಂದು ಹಿಡಿ ಚರಗ

ಸೀಗಿ ಹುಣ್ಣಿಮೆಯ ದಿನ ಬೆಳಗಿನ ಬಸ್ಸಿಗೆ ಧಾರವಾಡ ಬಿಟ್ಟೆ. ಕೈಯಲ್ಲಿ ದನದ ದವಾಖಾನೆಯಿಂದ ಕೇಳಿ ತಂದ ಕ್ಯಾನು. ಅದರೊಳಗೆ, ಹೋರಿಯ ವೀರ್ಯ ಕೆಡದಂತೆ ಇಡಲು ಬಳಸುವ ದ್ರವ ಸಾರಜನಕ. ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಹುಬ್ಬಳ್ಳಿಯಲ್ಲಿ ಹತ್ತಿದ ಕುಂದಗೋಳದ ಬಸ್ಸಿನ ಕಂಡಕ್ಟರ್, "ಹಾಲು ಉಕ್ಕಾಕತ್ತೈತಿ ನೋಡ್ರಿ ಅಕ್ಕಾರ" ಎಂದು ಹೇಳಿ, ನನಗೆ ಎರಡು ರೂಪಾಯಿ ಟಿಕೆಟು, ಕ್ಯಾನಿಗೆ ಅರ್ಧ ಟಿಕೆಟು ಹರಿದ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಕಾಲೇಜಿನ ತೋಟ ನೋಡಿಕೊಳ್ಳುವ ಈರಪ್ಪನ ಹೊಲದಲ್ಲಿ ಒಂದು ವಿಚಿತ್ರ ಮೆಣಸಿನ ಗಿಡವಿತ್ತು. ಹೂ ಬಿಡಬೇಕಾದಲ್ಲೆಲ್ಲ ಎಲೆಯ ಗೊಂಚಲು, ಕಾಯಿ ಒಂದೂ ಇಲ್ಲ. ಅದರ ಮೊಗ್ಗಿನ ಆರ್‌ಎನ್‌ಎ ತೆಗೆದು ನೋಡಬೇಕೆಂಬುದು ನನ್ನ ಹಟ. ಕೊಯ್ದ ಕೂಡಲೇ ಹೆಪ್ಪುಗಟ್ಟಿಸದಿದ್ದರೆ ಅದು ಹಾಳು. ಕ್ಯಾನಿನಲ್ಲಿದ್ದದ್ದು ಸಂಜೆಯವರೆಗೆ ಮಾತ್ರ ಸಾಕಾಗುವಷ್ಟು. ಕೆಲಸ ಆಗಿಯೇ ಆಗುತ್ತದೆಂಬ ಧೈರ್ಯವಂತೂ ನನಗಿತ್ತು.

ಕುಂದಗೋಳದಿಂದ ಮೂರು ಮೈಲಿ ನಡಿಗೆ. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡೆರಡು ಸೇರು ತೂಗುತ್ತಿತ್ತು. ಹೊಲದಲ್ಲಿ ಈರಪ್ಪನ ಮನೆಯವರು ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆಯ ಅನ್ನ ಎರಚಲು, ಬುತ್ತಿ ಬಿಚ್ಚಿದ್ದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ನಾನು ಮೊದಲು ಬ್ಲೇಡು ತೆಗೆದೆ. ಈರಪ್ಪನ ತಾಯಿ ಬಸವ್ವ ಅಡ್ಡ ಬಂದರು.

"ಇವತ್ತ ಭೂಮಿತಾಯಿ ಬಸುರಿ ಅದಾಳ್ರಿ. ಬಸುರಿ ಗಿಡಕ್ಕ ಬ್ಲೇಡ ಹಚ್ಚಬಾರ್ದು. ನಾಳೆ ಬರ್ರಿ."

"ನಾಳೆ ಈ ಕ್ಯಾನು ಖಾಲಿ ಆಗಿರತದ್ರಿ ಅವ್ವಾರ. ಮತ್ತ ಈ ಗಿಡ ಬಸುರಿನ ಅಲ್ಲ. ಇದು ಬಂಜಿ."

ಗೆದ್ದೆ ಎಂದುಕೊಂಡೆ. ರೊಟ್ಟಿ ಬಡಿಸುತ್ತಿದ್ದ ಸೊಸೆ ಶಾಂತವ್ವನ ಕೈ ಅಲ್ಲೇ ನಿಂತಿತು. ಈರಪ್ಪ ತಲೆ ತಗ್ಗಿಸಿದ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರಿಗೆ ಮಕ್ಕಳಿಲ್ಲವೆಂಬುದು ನನಗೆ ಗೊತ್ತಿದ್ದ ವಿಷಯವೇ.

"ಬಂಜಿಗೆ ಎಲ್ಲೀ ಹಬ್ಬ? ಕೊಯ್ಕೋರಿ" ಎಂದರು ಬಸವ್ವ, ಸೊಸೆಯ ಕಡೆ ನೋಡುತ್ತ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ಕೊಯ್ದೆ, ಸುಳ್ಳೇಕೆ ಹೇಳಲಿ. ಶಾಂತವ್ವ ತಾನಾಗಿ ಬಂದು ಸೆರಗಿನಿಂದ ಮುಚ್ಚಳ ಹಿಡಿದಳು.

"ಇದರಾಗ ಏನ ಹುಡುಕತೀರಿ ಅಕ್ಕಾರ?"

ಹೇಳಿದೆ. ಗಿಡ ಹೇಗೆ ಬೆಳೆಯಬೇಕೆಂಬುದು ಜೀವಕೋಶದೊಳಗೆ ಬರೆದಿರುತ್ತದೆ. ಅದರ ನಕಲೇ ಆರ್‌ಎನ್‌ಎ. ನಕಲಿನಲ್ಲಿ ಬೇಡದ ತುಂಡುಗಳೂ ಇರುತ್ತವೆ. ಕೆಲವು ಪ್ರೋಟೀನುಗಳು ನಕಲನ್ನು ಗಟ್ಟಿಯಾಗಿ ಹಿಡಿದು, ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಲು ನೆರವಾಗುತ್ತವೆ.

"ಕುಬಸ ಹೊಲಿದಂಗ" ಎಂದಳು ಶಾಂತವ್ವ. ಆ ಕಡೆ ಕುಬಸವೆಂದರೆ ರವಿಕೆಯೂ ಹೌದು, ಬಸುರಿಗೆ ಮಾಡುವ ಶಾಸ್ತ್ರವೂ ಹೌದು. "ಊರಾಗಿನ ಬಸುರ್ಯಾರಿಗೆಲ್ಲಾ ನಾನ ಹೊಲೀತೀನ್ರಿ."

"ಹಂಗ ಅನ್ನು. ಇಲ್ಲೆ ಹೊಲಿಗಿ ತಪ್ಪಿರಬೇಕು ಅಂತ ನನ್ನ ಅಂದಾಜು. ಅದಕ್ಕ ಹೂವಾಗೋದು ಎಲಿ ಆಗೇದ."

"ಗಿಡದ ತಪ್ಪೇನಿಲ್ಲ ಅಂದಂಗಾತು."

"ಏನೂ ಇಲ್ಲ."

"ಸ್ವಲ್ಪ ಜೋರಲೇ ಹೇಳ್ರಿ. ನಮ್ಮತ್ತಿಗೆ ಕಿವಿ ಮಂದ."

ಬಸವ್ವನ ಕಿವಿ ಚುರುಕಾಗಿಯೇ ಇತ್ತು. ನಾನು ಎದ್ದು ನಿಂತು ತರಗತಿಯ ದನಿಯಲ್ಲಿ ಹೇಳಿದೆ: "ಅವ್ವಾರ, ನಾ ಆಗಳೆ ಆಡಿದ ಮಾತು ತಪ್ಪು. ಕಾಯಿ ಆಗಲಿಲ್ಲ ಅಂದ್ರ ಅದರಾಗ ಗಿಡದ ತಪ್ಪಿಲ್ಲ. ಆ ಹೆಸರು ಅದಕ್ಕ ಇಡಬಾರದಿತ್ತು."

ಶಾಂತವ್ವ ಬುಟ್ಟಿಯಿಂದ ಒಂದು ಹಿಡಿ ಚರಗ ತಂದು, ಅತ್ತೆಯ ಎದುರಿಗೇ ಆ ಗಿಡದ ಬುಡಕ್ಕೆ ಚೆಲ್ಲಿದಳು.

ನಾನು ಉಂಡು, ಕ್ಯಾನು ಎತ್ತಿಕೊಂಡು ಬದು ದಾಟುವಾಗ ಹಿಂದೆ ಬಸವ್ವನ ದನಿ ಕೇಳಿತು.

"ಬರೇ ಅನ್ನ ಹಾಕಿದ್ರ ಬಿಕ್ಕು ಹತ್ತೂದಿಲ್ಲೇನ ಅದಕ್ಕ? ನೀರೂ ಹಾಕ ಶಾಂತಾ. ಹಾಕಿ ನೀನೂ ಉಣ್ಣಾಕ ಬಾ, ನಾ ಬಡಿಸ್ತೀನಿ."

ತಿರುಗಿ ನೋಡಿದೆ. ಬಸವ್ವ ಸೊಸೆಯ ತಾಟಿಗೆ ಹೋಳಿಗೆ ಹಾಕುತ್ತಿದ್ದರು.