ಒಡ್ಡಿನ ಬುಡದ ನೀರು

ನಾನು ಚಿಕ್ಕವನಿದ್ದಾಗ ಹೊನ್ನಾಳಿಯ ಹತ್ತಿರದ ನಮ್ಮೂರಿನಲ್ಲಿ ಹೊಳೆ ದಾಟಲು ಸೇತುವೆ ಇರಲಿಲ್ಲ. ಅಪ್ಪನ ಹರಿಗೋಲೇ ಗತಿ. ಬಿದಿರು ಹೆಣೆದು ಎಮ್ಮೆ ಚರ್ಮ ಹೊದಿಸಿದ, ಬುಟ್ಟಿಯಂಥ ದುಂಡನೆಯ ದೋಣಿ ಅದು. ಮಳೆ ಬಿದ್ದರೆ ಆ ಚರ್ಮದ ವಾಸನೆ ಮೂಗಿಗೆ ಅಡರುತ್ತಿತ್ತು. ಅಪ್ಪನಿಗೆ ಗೊತ್ತಿಲ್ಲದ ನೀರಿಲ್ಲ ಎಂದು ಊರೇ ನಂಬಿತ್ತು. ಅಪ್ಪನಂತೂ ಊರಿಗಿಂತ ಹೆಚ್ಚು ನಂಬಿದ್ದ.

ಅಣ್ಣನಿಗೂ ನನಗೂ ಅವನು ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ. ಸುಳಿಗೆ ಸಿಕ್ಕರೆ ಗುದ್ದಾಡಬಾರದು, ಕೈಕಾಲು ಸಡಿಲ ಬಿಟ್ಟು ನೀರಿನ ಜೊತೆ ಹೋಗಬೇಕು. ಎರಡು ಸುತ್ತು ತಿರುಗಿಸಿ ಅದೇ ಕೆಳಗೆ ಬಿಡುತ್ತದೆ. ಹೊಳೆಯ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲವಲ್ಲ, ಅದಕ್ಕೊಂದು ಸನ್ನೆಯೂ ಇತ್ತು. ಎರಡೂ ಅಂಗೈ ಚಾಚಿ ಮೆಲ್ಲಗೆ ಕೆಳಗಿಳಿಸಿದರೆ ‘ಬಿಟ್ಟುಬಿಡು’ ಎಂದರ್ಥ. ನಾವು ಎಷ್ಟೋ ಸಲ ಹಾಗೆ ಮಾಡಿ ನೋಡಿದ್ದೆವು. ಪಾಠ ಒಮ್ಮೆಯೂ ಸುಳ್ಳಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಊರಿನ ಮೇಲ್ಗಡೆ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿದರು. ಮುಂಗಾರಿನಲ್ಲಿ ನೀರು ಅದರ ನೆತ್ತಿ ಹತ್ತಿ, ಗೋಡೆಯ ಮೇಲೆ ನುಣ್ಣಗೆ ಜಾರಿ, ಬುಡದಲ್ಲಿ ಗಂಜಿ ಉಕ್ಕಿದ ಹಾಗೆ ಬೆಳ್ಳಗೆ ಕುದಿಯತೊಡಗಿತು. ಮೇಲೇರಲಾಗದ ಮೀನೆಲ್ಲ ಅಲ್ಲೇ ಕಿಕ್ಕಿರಿದವು. ಸುದ್ದಿ ಕೇಳಿದ್ದೇ ತಡ, ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ.

ಒಡ್ಡು ಕಾಯುತ್ತಿದ್ದ ಸಾಬರು ನಮ್ಮನ್ನು ಕಂಡು ದಂಡೆಗೆ ಬಂದರು. “ಹರಿಗೋಲಿಗೆ ಹಗ್ಗ ಕಟ್ರಿ. ಮೊನ್ನೆ ಬಿದ್ದ ದಿಮ್ಮಿ ಇನ್ನೂ ಅಲ್ಲೇ ಉರುಳ್ತಾ ಐತೆ, ಹೊರಗೆ ಬರಾಕೆ ಆಗಿಲ್ಲ” ಎಂದರು. ಅಪ್ಪ ನಕ್ಕ. ಹಗ್ಗ ಕಟ್ಟಿಕೊಳ್ಳುವುದು ನೀರು ತಿಳಿಯದವರ ಕೆಲಸ, ಊರವರು ನೋಡಿದರೆ ಮಾನ ಹೋದೀತು ಎಂದು ಅವನಿಗೆ.

“ಹೊಳ್ಯಾಗೆ ಹುಟ್ಟಿದೋರು ನಾವು, ಸಾಬ್ರೆ” ಎಂದಷ್ಟೇ ಹೇಳಿ, ಅಣ್ಣನಿಗೆ ಕಣ್ಣಿನಲ್ಲೇ ಹೋಗೆಂದ.

ಅಣ್ಣನಿಗೆ ಆಗ ಹದಿನಾರು. ಹರಿಗೋಲಿನಲ್ಲಿ ಬಲೆ ಹಾಕಿಕೊಂಡು ಒಡ್ಡಿನ ಬುಡದತ್ತ ಒಬ್ಬನೇ ಹೊರಟ. ಒಡ್ಡು ಹತ್ತಿರವಾದಂತೆ ಹುಟ್ಟು ಹಾಕುವುದೇ ಬೇಕಾಗಲಿಲ್ಲ. ಬುಡದಲ್ಲಿ ಮೇಲ್ಮೈಯ ನೀರು ಹಿಮ್ಮುಖವಾಗಿ ಗೋಡೆಯ ಕಡೆಗೇ ಹರಿಯುತ್ತಿತ್ತು. ಅಪ್ಪ ಖುಷಿಯಿಂದ ನನ್ನ ಭುಜ ತಟ್ಟಿದ. ಅಷ್ಟರಲ್ಲಿ ಗೋಡೆಯಿಂದ ಬೀಳುವ ನೀರು ಹರಿಗೋಲಿನೊಳಕ್ಕೆ ಸುರಿದು ಅದು ಮಗುಚಿತು.

ಅಣ್ಣ ನೊರೆಯಿಂದ ತಲೆ ಎತ್ತಿದ. ಗೋಡೆಯ ಉದ್ದಕ್ಕೇ, ನಾವಿದ್ದ ದಂಡೆಯ ಕಡೆಗೆ, ಜೋರಾಗಿ ಕೈ ಬೀಸಿ ಈಜುತ್ತ ಬಂದ. ಮುಳುಗುತ್ತಿದ್ದ, ಏಳುತ್ತಿದ್ದ, ಆದರೂ ಬರುತ್ತಿದ್ದ. ಇನ್ನು ನಾಲ್ಕು ಮಾರು ಉಳಿದಿತ್ತು. ಹೀಗೆ ಗುದ್ದಾಡಿದರೆ ಸುಸ್ತಾದಾನು ಎಂದು ಹೆದರಿ ಅಪ್ಪ ಎರಡೂ ಅಂಗೈ ಚಾಚಿ ಕೆಳಗಿಳಿಸಿದ. ಅಣ್ಣ ಅದನ್ನು ನೋಡಿದ. ಅವನು ನೋಡಿದ್ದನ್ನು ನಾನು ಕಂಡೆ. ಅವನು ಕೈ ಬೀಸುವುದನ್ನು ನಿಲ್ಲಿಸಿದ.

ನೀರು ಅವನನ್ನು ಗೋಡೆಗೆ ಎಳೆದು, ಅಡಿಗೆ ತುಳಿದು, ಆಚೆ ಎಬ್ಬಿಸಿ, ಮತ್ತೆ ಗೋಡೆಗೆ ಎಳೆಯಿತು. ಅಪ್ಪ ಸುತ್ತು ಎಣಿಸುತ್ತಿದ್ದ. “ಈಗ ಬಿಡ್ತೈತೆ, ಈಗ ಬಿಡ್ತೈತೆ” ಎನ್ನುತ್ತಿದ್ದ. ಏಳಾದ ಮೇಲೆ ಎಣಿಸಲಿಲ್ಲ. ಸಾಬರು ಓಡಿಹೋಗಿ ಹಗ್ಗ ತಂದು ಎಸೆದರು. ಹಗ್ಗ ಅಣ್ಣನ ಎದೆಯ ಮೇಲೇ ಬಿತ್ತು, ಅವನು ಹಿಡಿಯಲಿಲ್ಲ. ಹಾರಲು ಹೋದ ಅಪ್ಪನನ್ನು ಸಾಬರೇ ನೆಲಕ್ಕೆ ಕೆಡವಿ ಹಿಡಿದುಕೊಂಡರು.

ಮೂರನೆಯ ದಿನ ನೀರು ಇಳಿದು ಅಣ್ಣನ ಹೆಣ ಹೊರಗೆ ಬಂತು. ಅಲ್ಲಿ ಸಿಕ್ಕವರಿಗೆ ದಂಡೆಯತ್ತ ಅಡ್ಡಕ್ಕೆ ಈಜುವುದೊಂದೇ ದಾರಿ ಎಂದು ಸಾಬರು ನನ್ನೊಬ್ಬನಿಗೆ ಹೇಳಿದರು, ಅಪ್ಪನಿಗೆ ಹೇಳಬೇಡ ಎಂದರು. ಅಣ್ಣ ಯಾರೂ ಹೇಳದೆ ಆ ದಾರಿ ಹಿಡಿದಿದ್ದ. ಒಂದು ದಿನ ಸಿಟ್ಟಿನಲ್ಲಿ ನಾನು ಅಪ್ಪನಿಗೆ ಅದನ್ನು ಹೇಳಿಬಿಟ್ಟೆ. ಬೇಕೆಂದೇ ಹೇಳಿದೆ. ಅವನು ಊಟದ ತಟ್ಟೆಯ ಮುಂದಿನಿಂದ ಎದ್ದು ಹೋದ. ನನಗೆ ಆಗ ಸಮಾಧಾನವಾಗಿತ್ತು, ಈಗ ನಾಚಿಕೆಯಾಗುತ್ತದೆ.

ಈಗ ಹೊಳೆಗೆ ಸೇತುವೆ ಬಂದಿದೆ ಮಕ್ಕಳೇ. ನೀವು ಈಜು ಕಲಿಯುವುದು ದಾವಣಗೆರೆಯ ನೀಲಿ ಕೊಳದಲ್ಲಿ, ಅಲ್ಲಿ ನೀರು ಅಲುಗಾಡುವುದೂ ಇಲ್ಲ. ಡ್ಯಾಮಿನ ಗೇಟು ಎತ್ತುವ ಸುದ್ದಿ ಮುಂಚೆಯೇ ಫೋನಿಗೆ ಬರುತ್ತದೆ. ನಾನೊಂದು ಮಾತು ಹೇಳಿದರೆ “ಯಾಕೆ ಅಜ್ಜ?” ಎನ್ನುತ್ತೀರಿ, ಅದೇ ಫೋನಿನಲ್ಲಿ ಹುಡುಕಿ ಅಜ್ಜನದು ತಪ್ಪು ಎಂದು ಕುಣಿದಾಡುತ್ತೀರಿ. ಹೇಳಿದ್ದು ಕೇಳದ ಮಕ್ಕಳು ಎಂದು ನಿಮ್ಮಪ್ಪ ಬೈಯುವಾಗ ನಾನು ಅವನ ಪರ ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಹೇಳಿದ್ದು ಕೇಳುವ ಮಗ ಒಬ್ಬನಿದ್ದ.